ನಮ್ಮ ಕಡೆ ಹವೆಗೆ ಯಾವ ಲ್ಯಾಪ್‌ಟಾಪ್ ತಾಳ್ತದೆ? ಹಳೇದಕ್ಕೇ ಎಸ್‌ಎಸ್‌ಡಿ ಹಾಕಿಸಿದ್ರೆ ಸಾಲ್ತದಾ?

ಕೋಡಿಬಾಗ_ಗಾಳಿ

ನಮಸ್ಕಾರ ಎಲ್ಲರಿಗೂ. ತಂಗಿ ಮಗಳು ಈ ವರ್ಷ ಡಿಪ್ಲೊಮಾ ಕಂಪ್ಯೂಟರ್ ಸೈನ್ಸಿಗೆ ಸೇರ್ತಾಳೆ. ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಅದೆ. ಇಂಟೆಲ್ ಐ3 ಪ್ರೊಸೆಸರು, 7ನೇ ಜನರೇಷನ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಚಾ ಕುಡಿದು ಬಂದ್ರೂ ಅದರ ಚಕ್ರ ತಿರುಗ್ತಾನೇ ಇರ್ತದೆ. ಹೊಸದೇ ತೆಗೀವ ಅಂತ ತಂಗಿ ಹಟ.

ಯೂಟ್ಯೂಬಿನಲ್ಲಿ ನೋಡಿದ್ರೆ ಎಲ್ಲರೂ ಪ್ರೊಸೆಸರು, ಸ್ಕ್ರೀನಿನ ನಿಟ್ಸು, ಗೇಮಿನ ಎಫ್‌ಪಿಎಸ್ಸು, ಇಷ್ಟೇ ಹೇಳೋದು. ಕಾರವಾರದ ಕೋಡಿಬಾಗದಲ್ಲಿ ಸಮುದ್ರದಿಂದ ಕೂಗಳತೆ ದೂರದ ಮನೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೂ ಬೂಷ್ಟು ಹಿಡಿಯೋ ಜಾಗ, ಇಲ್ಲಿ ಯಾವುದು ತಾಳ್ತದೆ ಅಂತ ಯಾರೂ ಹೇಳೋದಿಲ್ಲ. ನಮ್ಮ ಓಣಿಯಲ್ಲಿ ಕಬ್ಬಿಣದ ಗೇಟೇ ಉಳಿಯೋದಿಲ್ಲ, ಇನ್ನು ಬೋರ್ಡಿನ ಮೇಲಿನ ಕೂದಲೆಳೆಯಂಥ ತಾಮ್ರದ ಗೆರೆ ಎಲ್ಲಿ ಉಳೀಬೇಕು?

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್ಪಿನ ಡಿಸ್ಕು) ಹಾಕಿಸಿ ಹಳೇದಕ್ಕೇ ಖರ್ಚು ಮಾಡೋದಾ, ಹೊಸದಾ, ಸೆಕೆಂಡ್ ಹ್ಯಾಂಡಾ? ನಮ್ಮ ಕಡೆಯವರೇ ಹೇಳಿ. ಬೆಂಗಳೂರಿನ ಏಸಿ ರೂಮಲ್ಲಿ ಕೂತು ಹೇಳೋ ಉಪದೇಶ ಬೇಕಾಗಿಲ್ಲ.

ಸಿದ್ದಾಪುರದ_ಮಾಣಿ

ಬೆಂಗಳೂರಲ್ಲಿ ಕೂತೇ ಹೇಳ್ತಿದ್ದೇನೆ, ಆದ್ರೆ ಏಸಿ ಇಲ್ಲ ಅಣ್ಣ, ಪಿಜಿ ರೂಮು.

7ನೇ ಜನರೇಷನ್ ಅಂದ್ರೆ ವಿಂಡೋಸ್ 11 ಅಧಿಕೃತವಾಗಿ ಬರೋದಿಲ್ಲ. ಇಂಟೆಲ್‌ನಲ್ಲಿ ಒಂದೆರಡು ಅಪವಾದ ಬಿಟ್ರೆ 8ನೇ ಜನರೇಷನ್ನಿಂದ ಮೇಲೆ ಮಾತ್ರ, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಮನೆ ಬಳಕೆಯವರಿಗೆ ಹೆಚ್ಚುವರಿ ಸೆಕ್ಯುರಿಟಿ ಅಪ್ಡೇಟು ಅಂತ ಕೊಟ್ಟದ್ದು 2026ರ ಅಕ್ಟೋಬರ್ 13ರ ತನಕ. ಅಡ್ಡದಾರಿಯಲ್ಲಿ 11 ಹಾಕಿಕೊಡೋರು ಇದ್ದಾರೆ, ಮುಂದೆ ಯಾವ ಅಪ್ಡೇಟಿಗೆ ಕೈ ಕೊಡ್ತದೆ ಹೇಳಲಿಕ್ಕಾಗೋದಿಲ್ಲ. ಮೂರು ವರ್ಷದ ಕೋರ್ಸಿಗೆ ಅಂಥದ್ದರ ಮೇಲೆ ದುಡ್ಡು ಸುರೀಬೇಡಿ. ಆಫೀಸಿನಿಂದ ಹೊರಬಿದ್ದ ಥಿಂಕ್‌ಪ್ಯಾಡ್ ಟಿ480 ಅಥವಾ ಅಂಥದ್ದೇ ಒಂದು ನೋಡಿ. 2018ರ ಮಾಡೆಲ್ಲು, 8ನೇ ಜನರೇಷನ್, ರ‍್ಯಾಮ್‌ಗೆ ಎರಡು ಸ್ಲಾಟು, ಬ್ಯಾಟರಿಯೂ ಎರಡು: ಒಂದು ಒಳಗೆ, ಒಂದು ಹೊರಗಿನಿಂದ ಕಳಚೋದು.

ರಿಪೇರಿ_ಮಾಮ_ಕುಮಟಾ

ಕುಮಟಾದಲ್ಲಿ ಟೇಬಲ್ ಹಾಕ್ಕೊಂಡು ಇದೇ ಕೆಲಸ ಮಾಡೋನು ನಾನು. ಮಾಡೆಲ್ ನಂಬರಿನ ಮಾತು ಆಮೇಲೆ ಆಡುವ.

ನನ್ನ ಹತ್ರ ಬರೋ ಲ್ಯಾಪ್‌ಟಾಪಿನಲ್ಲಿ ದಿನಾ ಹಚ್ಚೋವು ಕಮ್ಮಿ. ಮಳೆ ಹಿಡಿಯೋವಾಗ ಬ್ಯಾಗಿಗೆ ಹಾಕಿ ಕಪಾಟಿನಲ್ಲಿಟ್ಟು, ಚೌತಿಗೆ ಮಗ ಊರಿಗೆ ಬಂದಾಗ ತೆಗೆದದ್ದೇ ಹೆಚ್ಚು. ಹಚ್ಚಿದ ಮಷಿನ್ನಿನ ಒಳಗೆ ಬಿಸಿ ಇರ್ತದೆ, ತೇವ ನಿಲ್ಲೋದಿಲ್ಲ. ಮುಚ್ಚಿಟ್ಟ ರೆಕ್ಸಿನ್ ಬ್ಯಾಗಿನಲ್ಲಿ ತೇವ ಹೊರಗೆ ಹೋಗೋದೆಲ್ಲಿಂದ? "ಮುಟ್ಟೇ ಇಲ್ಲ ಮಾರಾಯ್ರೆ, ಹೇಗೆ ಹಾಳಾಯ್ತು?" ಅಂತ ಕೇಳ್ತಾರೆ. ಮುಟ್ಟದೇ ಇದ್ದದ್ದಕ್ಕೇ ಹಾಳಾದದ್ದು.

ಬಿಚ್ಚಿದಾಗ ಕಾಣೋದು ಹೇಳ್ತೇನೆ. ಮೊದಲು ತಳದ ಸ್ಕ್ರೂ ತಲೆ ಕೆಂಪಾಗಿರ್ತದೆ, ಕೆಲವು ತಿರುಗಿಸಿದ್ರೆ ತಲೆಯೇ ಸವೆದು ಹೋಗ್ತದೆ. ಆಮೇಲೆ ಯುಎಸ್‌ಬಿ, ಎಚ್‌ಡಿಎಂಐ ಬಾಯಿಯ ತಗಡು ಮಂಕಾಗಿರ್ತದೆ. ಫ್ಯಾನು ಗಾಳಿ ಎಳೆಯೋ ಕಡೆ ಧೂಳು ಒಣಗಿರೋದಿಲ್ಲ, ಕೆಸರಿನ ಹಾಗೆ ಅಂಟಿರ್ತದೆ. ಚಾರ್ಜಿಂಗ್ ಪಿನ್ನಿನ ಸುತ್ತ, ಕೀಬೋರ್ಡಿನ ರಿಬ್ಬನ್ ಕೂರೋ ಕಡೆ ಹಸಿರು ಪುಡಿ. ಅದು ತಾಮ್ರ ತಿಂದದ್ದು. ಮೇಲ್ಮೈಯಲ್ಲಿ ಮಾತ್ರ ಇದ್ರೆ ಮೆತ್ತನೆ ಬ್ರಷ್ಷು, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲು ಹಾಕಿ ತೊಳೆದು ಒಣಗಿಸಿದ್ರೆ ಎದ್ದು ಕೂರ್ತವೆ. ಬೋರ್ಡಿನ ಒಳಪದರದ ಗೆರೆ ಹೋಗಿದ್ರೆ ನನ್ನ ಕೈಲಿಲ್ಲ.

ಹಾರ್ಡ್ ಡಿಸ್ಕಿನದ್ದು ಬೇರೇನೇ ಕತೆ. ಅದರ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರ್ತದೆ, ಉಸಿರಾಡ್ಲಿಕ್ಕೆ. ಫಿಲ್ಟರ್ ಇದ್ರೂ ತೇವದ ಗಾಳಿ ಹೋಗಿ ಬಂದು ಮಾಡ್ತದೆ. ಎಸ್‌ಎಸ್‌ಡಿಗೆ ತಿರುಗೋ ತಟ್ಟೆಯೂ ಇಲ್ಲ, ತೂತಿನ ಕೆಲಸವೂ ಇಲ್ಲ. ವೇಗದ ಮಾತು ಬಿಡಿ, ಈ ಒಂದು ಕಾರಣಕ್ಕೇ ನಮ್ಮ ಕಡೆ ಯಾರ ಮನೇಲೂ ತಿರುಗೋ ಡಿಸ್ಕಿನಿಂದ ವಿಂಡೋಸ್ ಓಡಿಸಬಾರದು ಅಂತ ನಾನು ಹೇಳೋದು. ವೇಗ ಬೇಕಾದ್ರೆ ಅದೂ ಸಿಗ್ತದೆ: ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದ್ರೆ ಸಾದಾ ಸಾಟಾ ಎಸ್‌ಎಸ್‌ಡಿ 500 ದಾಟ್ತದೆ. ಚಿಲ್ಲರೆ ಚಿಲ್ಲರೆ ಫೈಲು ಓದೋದ್ರಲ್ಲಿ ಅಂತರ ಇನ್ನೂ ದೊಡ್ಡದು, ನಿಮ್ಮ ಚಕ್ರ ತಿರುಗೋದು ಅಲ್ಲೇ.

ಅಕ್ಕೋರು_ಅಂಕೋಲಾ

ರಿಪೇರಿ ಮಾಮ ಹೇಳಿದ ಕೆಸರಿಗೆ ವಿಜ್ಞಾನದ ಕಾರಣ ಅದೆ, ನಾನು ಹೈಸ್ಕೂಲಿನಲ್ಲಿ ಪಾಠ ಮಾಡೋದೇ ಅದು. ಅಡುಗೆ ಉಪ್ಪು ಅಂದ್ರೆ ಸೋಡಿಯಂ ಕ್ಲೋರೈಡ್, ಗಾಳಿಯ ಆರ್ದ್ರತೆ ಸುಮಾರು 75 ಪರ್ಸೆಂಟ್ ದಾಟಿದ ಕೂಡ್ಲೆ ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಲಿಕ್ಕೆ ಸುರು ಮಾಡ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರೋದ್ರಿಂದ ಅದಕ್ಕಿಂತ ಮೊದಲೇ ಒದ್ದೆಯಾಗ್ತದೆ. ಸಾಣಿಕಟ್ಟೆಯ ಹರಳುಪ್ಪು ತಂದು ಭರಣಿಯಲ್ಲಿಟ್ಟವರಿಗೆಲ್ಲ ಇದು ಗೊತ್ತು, ಆಷಾಢದಲ್ಲಿ ತಳದಲ್ಲಿ ನೀರು ನಿಂತಿರ್ತದೆ.

ಲ್ಯಾಪ್‌ಟಾಪಿನೊಳಗೆ ಕೂತ ಉಪ್ಪಿನ ಕಣಕ್ಕೂ ಇದೇ ಆಗೋದು. ಬೇಸಿಗೆಯಲ್ಲಿ ಒಣಗಿದ್ದಾಗ ಅದು ಬರೀ ಧೂಳು. ಮಳೆಗಾಲದಲ್ಲಿ ಅದೇ ಉಪ್ಪುನೀರು, ವಿದ್ಯುತ್ ಹರೀತದೆ. ಎರಡು ಪಿನ್ನಿನ ಮಧ್ಯೆ 3 ವೋಲ್ಟು, 5 ವೋಲ್ಟು ಇದ್ರೂ ಸಾಕು, ಪಾಸಿಟಿವ್ ಕಡೆಯ ತಾಮ್ರ ಕರಗ್ತಾ ಹೋಗ್ತದೆ. ಹಾಗಾಗಿ ಸಮುದ್ರದ ಕಡೆ ಮುಖ ಮಾಡಿದ ಕಿಟಕಿಯ ಕೆಳಗೆ ಮೇಜು ಹಾಕಬೇಡಿ. ಮಧ್ಯಾಹ್ನದ ಮೇಲೆ ಬೀಸೋ ಗಾಳಿ ನಮಗೆ ತಂಪು, ಅದಕ್ಕೆ ವಿಷ.

ನನ್ನದೂ ಒಂದು ಪ್ರಶ್ನೆ. ಹಳೇ ಮಷಿನ್ನಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕಿ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಶ್ನೆಪತ್ರಿಕೆ ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಅವೆ. ಅವನ್ನೆಲ್ಲ ಏನು ಮಾಡೋದು?

ಸಿದ್ದಾಪುರದ_ಮಾಣಿ

ಅಕ್ಕೋರೇ, ನುಡಿಯ ಹಳೇ ಫಾಂಟಿನ ಕಡತ ಎಲ್ಲ ಕಂಪ್ಯೂಟರಿನಲ್ಲೂ ಓದಲಿಕ್ಕೆ ಬರೋ ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಒಂದ್ಸಲ ಯುನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಿ, ಪರಿವರ್ತಕಗಳು ಪುಕ್ಕಟೆ ಸಿಗ್ತವೆ. ಒತ್ತಕ್ಷರ, ಅರ್ಕಾವತ್ತು ಬರೋ ಕಡೆ ಮಾತ್ರ ಕಣ್ಣಾಡಿಸಬೇಕು. ಟೈಪಿಂಗಿಗೆ ತೊಂದ್ರೆ ಇಲ್ಲ, ಲಿನಕ್ಸಿನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ನಿಮ್ಮ ನುಡಿಯದ್ದೇ ಕೆಜಿಪಿ ಕೀಲಿಮಣೆ ಅದೆ, ಬೆರಳಿಗೆ ಹೊಸತು ಕಲಿಸೋದು ಬೇಡ.

ಅಕ್ಕೋರು_ಅಂಕೋಲಾ

ಪರಿವರ್ತಿಸಿ ನಾನು ಕೊಟ್ರೂ ಮೇಲಿನ ಆಫೀಸಿನವರು "ನುಡಿಯಲ್ಲೇ ಕಳಿಸಿ" ಅಂತಾರೆ. ಅದಕ್ಕೆ ಯಾವ ಪರಿವರ್ತಕ?

ತೋಟದ_ಭಾವ_ಶಿರಸಿ

ಅಕ್ಕೋರ ಪ್ರಶ್ನೆಗೆ ದೇವರೇ ಉತ್ತರ ಕೊಡವು.

ನೀವು ಕರಾವಳಿಯವರು ಉಪ್ಪು ಉಪ್ಪು ಅಂತೀರಿ, ಘಟ್ಟದ ಮೇಲೆ ಎಂಗಳ ಶತ್ರು ಬೇರೆ. ಸಿಡಿಲು. ಏಪ್ರಿಲ್ ಮೇ ಸಂಜೆ, ಮತ್ತೆ ಅಕ್ಟೋಬರ್ ಸಂಜೆ. ತಾಮ್ರದ ಫೋನ್ ತಂತಿ ಇದ್ದ ಕಾಲದಲ್ಲಿ ಮೋಡೆಮ್ ಸುಡೋದು ಪ್ರತಿ ವರ್ಷದ ವ್ರತ ಇದ್ದ ಹಾಗಿತ್ತು. ಈಗ ಹಳ್ಳಿ ಹಳ್ಳಿಗೆ ಫೈಬರ್ ಬಂದ ಮೇಲೆ ಗಾಜಿನ ಎಳೆಯಲ್ಲಿ ಸಿಡಿಲು ಬರ್ತಿಲ್ಲೆ ಹೇಳಿ ಎಲ್ಲರೂ ನಿಶ್ಚಿಂತೆಯಾಗಿದ್ದಾರೆ. ಅರ್ಧ ಸತ್ಯ ಅದು. ಗಾಜಿನಲ್ಲಿ ಬರೋದಿಲ್ಲ, ಖರೆ. ಆದ್ರೆ ಕೇಬಲ್ಲಿನೊಳಗೆ ಬಲಕ್ಕೆ ಉಕ್ಕಿನ ತಂತಿ ಇರೋ ಜಾತಿಯೂ ಅದೆ, ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಕರೆಂಟಿನ ಸಾಕೆಟ್ಟಿನಲ್ಲೇ ಇರೋದು, ಅಲ್ಲಿಂದ ಲ್ಯಾನ್ ವೈರು ಸೀದಾ ಕಂಪ್ಯೂಟರಿಗೆ. ಲ್ಯಾನ್ ವೈರು ಹಾಕಿದವರ ಬೋರ್ಡೇ ಹೋದದ್ದು ಎಂಗಳ ಊರಲ್ಲಿ ಅದೆ. ವೈಫೈಯಲ್ಲೇ ಇದ್ದವರದ್ದು ಪೆಟ್ಟಿಗೆ ಮಾತ್ರ ಹೋಗಿತ್ತು.

ಸ್ವಿಚ್ ಆಫ್ ಮಾಡಿದ್ರೆ ಸಾಲ್ತಿಲ್ಲೆ. ಮೋಡದಿಂದ ನೆಲಕ್ಕೆ ಹಾರೋ ಸಿಡಿಲಿಗೆ ಸ್ವಿಚ್ಚಿನೊಳಗಿನ ಎರಡು ಮೂರು ಮಿಲಿಮೀಟರ್ ಎಂತ ಲೆಕ್ಕ? ಪಿನ್ನೇ ಕೀಳವು. ಅದೂ ಮೋಡ ಕಟ್ಟೋವಾಗಲೇ. ಗುಡುಗು ಸುರುವಾದ ಮೇಲೆ ವೈರು ಮುಟ್ಟಲಿಕ್ಕೆ ಓಡಬೇಡಿ.

ಇನ್ನೊಂದು, ಕರೆಂಟ್. ಗಾಳಿಗೆ ಮರ ಬಿದ್ದು ಲೈನ್ ಹೋದ್ರೆ ಇಲ್ಲಿ ದಿನಗಟ್ಟಲೆ ಬರೋದಿಲ್ಲ. ಮನೇಲಿ ಮೊಬೈಲ್ ಸಿಗ್ನಲ್ಲೂ ಇಲ್ಲ, ವೈಫೈ ಕಾಲಿಂಗೇ ಗತಿ. ರೂಟರ್ ಸತ್ರೆ ಫೋನೂ ಸತ್ತಂಗೆ. ಲ್ಯಾಪ್‌ಟಾಪಿನ ಬಜೆಟ್ಟಿನಲ್ಲಿ ರೂಟರಿನ ಬ್ಯಾಕಪ್ಪಿಗೆ ಸ್ವಲ್ಪ ತೆಗೆದಿಡಿ.

ಕೋಡಿಬಾಗ_ಗಾಳಿ

ಭಾವ, ಅದಕ್ಕೆ ಅಂಗಡೀಲಿ "ಮಿನಿ ಯುಪಿಎಸ್, 10,000 ಎಂಎಎಚ್, ಎಂಟು ತಾಸು" ಅಂತ ಇಟ್ಟಿದ್ದಾರೆ. ತಗೋಬಹುದಾ?

ತೋಟದ_ಭಾವ_ಶಿರಸಿ

ತಗೊಳ್ಳಿ, ಎಂಟು ತಾಸು ನಂಬಬೇಡಿ. ಆ 10,000 ಬ್ಯಾಟರಿ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿದ್ರೆ 37 ವ್ಯಾಟ್-ಅವರ್. ರೂಟರ್ ನಡೆಯೋದು 12 ವೋಲ್ಟಿನಲ್ಲಿ. ರೂಟರು, ಫೈಬರ್ ಪೆಟ್ಟಿಗೆ ಎರಡೂ ಸೇರಿ 12 ವ್ಯಾಟ್ ತಿಂದ್ರೆ ಕಾಗದದ ಮೇಲೇ ಮೂರು ತಾಸು, ವೋಲ್ಟೇಜ್ ಏರಿಸೋದ್ರಲ್ಲಿ ಹೋಗೋದು ಕಳೆದ್ರೆ ಎರಡೂವರೆ. ಅಡಾಪ್ಟರ್ ಮೇಲೆ ಬರೆದ 12 ವೋಲ್ಟು 1 ಆಂಪಾ, 2 ಆಂಪಾ ನೋಡಿಕೊಂಡು ತಗೊಳ್ಳಿ.

ಮನೆಗೆ ಇನ್ವರ್ಟರ್ ಇದ್ರೆ ಇದೆಲ್ಲ ಬೇಡ. 12 ವೋಲ್ಟಿನ 150 ಆಂಪ್-ಅವರ್ ಬ್ಯಾಟರಿ ಅಂದ್ರೆ 1800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್ ತನ್ನ ಪಾಲು ತಿಂತದೆ, ಕೈಗೆ ಸಿಗೋದು 1100, 1200 ಅಂತಿಟ್ಟುಕೊಳ್ಳಿ. ರೂಟರು, ಒಂದು ಲ್ಯಾಪ್‌ಟಾಪು, ಎರಡು ಎಲ್ಇಡಿ ದೀಪ ಸೇರಿ 70 ವ್ಯಾಟ್. ಹದಿನೈದು ತಾಸು ಚಿಂತೆ ಇಲ್ಲೆ. ಫ್ಯಾನು ಹಚ್ಚಿದ್ರೆ ಲೆಕ್ಕ ಮುರೀತದೆ, ಮಳೆಗಾಲದಲ್ಲಿ ಶಿರಸಿಯಲ್ಲಿ ಫ್ಯಾನ್ ಯಾರಿಗೆ ಬೇಕು? ಇನ್ವರ್ಟರ್ ತಗೊಳ್ಳೋವಾಗ ಪ್ಯೂರ್ ಸೈನ್ ವೇವೇ (ಲೈನಿನ ಕರೆಂಟಿನ ಹಾಗೇ ನಯವಾದ ಅಲೆ ಕೊಡೋದು) ಕೇಳಿ. ಮತ್ತೆ ಅದರೊಳಗೆ ಇರುವೆ, ಹಲ್ಲಿ ಹೋಗದ ಹಾಗೆ ಎಂತಾದ್ರೂ ಮಾಡಿ. ಬೋರ್ಡಿನ ಮೇಲೆ ಹಲ್ಲಿ ಸುಟ್ಟು ಸತ್ತ ವಾಸನೆ ಒಂದ್ಸಲ ಮೂಗಿಗೆ ಹೋದ್ರೆ ಜನ್ಮದಲ್ಲಿ ಮರೀಲಿಕ್ಕಿಲ್ಲ.

ಮಲ್ಲಾಪುರ_ವೈರಿಂಗ್

ಇಷ್ಟು ಹೊತ್ತು ಅರ್ಥಿಂಗಿನ ಮಾತೇ ಯಾರೂ ಎತ್ತಲಿಲ್ಲ.

ಸರ್ಜ್ ಪ್ರೊಟೆಕ್ಟರ್ ಇರೋ ಎಕ್ಸ್‌ಟೆನ್ಷನ್ ಬೋರ್ಡು ತಂದು ಹಾಕಿ ಎಲ್ಲರೂ ಆರಾಮಾಗಿ ಇರ್ತಾರೆ. ಅದರೊಳಗಿನ ಎಂಒವಿ ಅನ್ನೋ ಬಿಲ್ಲೆ ಹೆಚ್ಚಿಗೆ ಬಂದ ವೋಲ್ಟೇಜನ್ನು ಅರ್ಥಿಗೂ ನ್ಯೂಟ್ರಲ್ಲಿಗೂ ಹರಿಸಬೇಕು. ಅರ್ಥಿಂಗ್ ಇಲ್ಲದಿದ್ರೆ ಅದಕ್ಕೆ ಅರ್ಧ ದಾರಿಯೇ ಇಲ್ಲ. ಸಾಲದ್ದಕ್ಕೆ ಅದು ಹೊಡೆತ ತಿಂದಷ್ಟೂ ಸವೀತದೆ. ಲೈಟು ಉರೀತಿದ್ರೂ ಒಳಗೆ ಬಿಲ್ಲೆ ಸತ್ತಿರಬಹುದು.

ನಮ್ಮ ಜಿಲ್ಲೆಯ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲೇ ಆಗ್ತದೆ. ಮಳೆಗಾಲದಲ್ಲಿ ಚಂದ ಇದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ, ಬರಾಬರ್ ಸಿಡಿಲು ಸುರುವಾಗೋ ಹೊತ್ತಿಗೆ, ಕೆಲಸಕ್ಕೆ ಬರೋದಿಲ್ಲ. ಅರ್ಥ್ ಗುಂಡಿಗೆ ಬೇಸಿಗೆ ಪೂರ್ತಿ ನೀರು ಹಾಕ್ತಾ ಇರಿ. ವೈರಮನ್ ಬಂದಾಗ ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಎಷ್ಟು ವೋಲ್ಟು ಅಂತ ಮೀಟರ್ ಹಿಡಿಸಿ. ಒಂದೆರಡು ವೋಲ್ಟಿದ್ರೆ ಸರಿ, ಹತ್ತು ಇಪ್ಪತ್ತು ತೋರಿಸಿದ್ರೆ ಎಲ್ಲೋ ಬಿಟ್ಟಿದೆ ಅಂತ ಅರ್ಥ.

ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗಿಟ್ಟು ಮುಂಗೈ ತಾಗಿಸಿದ್ರೆ ಜುಮ್ ಅನ್ನೋದು ಹಲವರಿಗೆ ಗೊತ್ತಿರಬಹುದು. ಟೆಸ್ಟರ್ ಇಟ್ರೆ ಹೊಳೀತದೆ ಕೂಡ. ಅಡಾಪ್ಟರಿನೊಳಗಿನ ಕೆಪಾಸಿಟರಿನಿಂದ ಸೋರೋ ತೀರಾ ಸಣ್ಣ ಕರೆಂಟ್ ಅದು, ಮನುಷ್ಯರಿಗೆ ಅಪಾಯ ಇಲ್ಲ. ಮೂರು ಪಿನ್ನಿನ ಅಡಾಪ್ಟರು ಹಾಕಿಯೂ ಜುಮ್ ಅಂದ್ರೆ ಮಾತ್ರ ನಿಮ್ಮ ಸಾಕೆಟ್ಟಿಗೆ ಅರ್ಥ್ ಬಂದಿಲ್ಲ ಅಂತ ಲ್ಯಾಪ್‌ಟಾಪೇ ಹೇಳ್ತಾ ಅದೆ. ಎರಡು ಪಿನ್ನಿನದ್ದಾದ್ರೆ ಅರ್ಥ್ ಎಷ್ಟು ಚಂದ ಇದ್ರೂ ಜುಮ್ ಅನ್ನೋದೇ.

ಸ್ಟೆಬಿಲೈಜರ್ ಬಗ್ಗೆಯೂ ಕೇಳ್ತಾರೆ. ಲ್ಯಾಪ್‌ಟಾಪಿಗೆ ಬೇಡ. ಅಡಾಪ್ಟರಿನ ಬೆನ್ನು ನೋಡಿ, 100ರಿಂದ 240 ವೋಲ್ಟು ಅಂತ ಬರೆದಿರ್ತದೆ. ಸಂಜೆ 160ಕ್ಕೆ ಇಳಿದ್ರೂ ಅದಕ್ಕೆ ಲೆಕ್ಕಕ್ಕಿಲ್ಲ. ಆ ದುಡ್ಡು ಫ್ರಿಜ್ಜಿಗೆ ಇಡಿ.

ಹೊನ್ನಾವರ_ಫೋಟೋ

ಮದುವೆ ಫೋಟೋ ತೆಗೆಯೋನು ನಾನು, ಎಡಿಟಿಂಗೆಲ್ಲ ಮ್ಯಾಕ್‌ಬುಕ್ ಏರ್‌ನಲ್ಲಿ. ಯಾರೂ ಹೇಳದ ಒಂದು ಮಾತು ಹೇಳ್ತೇನೆ: 2020ರ ಎಂ1 ಏರ್‌ನಿಂದ ಈಚೆಗೆ ಅದಕ್ಕೆ ಫ್ಯಾನೇ ಇಲ್ಲ. ಫ್ಯಾನ್ ಇಲ್ಲ ಅಂದ್ರೆ ಉಪ್ಪುಗಾಳಿಯನ್ನು ಒಳಗೆಳೆಯೋ ಪಂಪೇ ಇಲ್ಲ. ಬ್ಯಾಟರಿಯೂ ದಿನ ಪೂರ್ತಿ ಬರ್ತದೆ, ಕರೆಂಟ್ ಹೋದ್ರೆ ಭಾವನ ಲೆಕ್ಕಾಚಾರವೂ ಬೇಡ. ನಮ್ಮ ಹವೆಗೆ ಹೇಳಿ ಮಾಡಿಸಿದ್ದು.

ರಿಪೇರಿ_ಮಾಮ_ಕುಮಟಾ

ತಮ್ಮಾ, ಫ್ಯಾನಿನ ಮಾತು ಖರೆ, ಒಪ್ಪಿದೆ. ಆದ್ರೆ ಅದರ ರ‍್ಯಾಮೂ ಸ್ಟೋರೇಜೂ ಬೋರ್ಡಿಗೇ ಬೆಸುಗೆ. ಯುಎಸ್‌ಬಿ ಬಾಯಿಯಿಂದ ತೇವ ಹೋಗಿ ಒಂದು ಸಣ್ಣ ಐಸಿ ಸತ್ರೆ, ಕಂಪನಿಯವರು ಬೋರ್ಡೇ ಬದಲಿ ಅಂತಾರೆ, ಒಳಗಿದ್ದ ಮದುವೆ ಫೋಟೋಗಳಿಗೆ ಎಳ್ಳುನೀರು. ಪೋರ್ಟು, ಕೀಬೋರ್ಡು, ಬ್ಯಾಟರಿ, ಡಿಸ್ಕು ಬೇರೆ ಬೇರೆ ಕಳಚಲಿಕ್ಕೆ ಬರೋ ಮಷಿನ್ನಾದ್ರೆ ಕುಮಟಾದಲ್ಲೋ ಕಾರವಾರದಲ್ಲೋ ಯಾರಾದ್ರೂ ಎಬ್ಬಿಸ್ತಾರೆ. ಇಲ್ಲದಿದ್ರೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. ಮಳೆಗಾಲದಲ್ಲಿ ಆ ರಸ್ತೆ ಬಗ್ಗೆ ನಾನು ಹೇಳಬೇಕಾ?

ನಾನಾದ್ರೆ ತೆಳ್ಳಗಿದ್ದಷ್ಟೂ ದೂರ ಇಡ್ತೇನೆ. ತಳ ಬಿಚ್ಚಿದ್ರೆ ಎಲ್ಲ ಕಾಣೋ ಮಷಿನ್ನೇ ನಮ್ಮ ಕಡೆಗೆ ಲಾಯಕ್ಕು.

ಹೊನ್ನಾವರ_ಫೋಟೋ

ಫೋಟೋ ಒಂದೇ ಕಡೆ ಇಟ್ಟು ಯಾರು ನಿದ್ದೆ ಮಾಡ್ತಾರೆ ಮಾಮ? ಎರಡು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಅವೆ. ಮಷಿನ್ ಸತ್ರೆ ಸಾಯ್ಲಿ, ಮದುವೆ ಸೀಸನ್ನಿನಲ್ಲಿ ನಿಧಾನ ಆಗಬಾರದು ಅಷ್ಟೇ.

ಸಿದ್ದಾಪುರದ_ಮಾಣಿ

"ಮಿಲಿಟರಿ ಗ್ರೇಡ್" ಅನ್ನೋ ಸ್ಟಿಕ್ಕರ್ ನೋಡಿ ಮರುಳಾಗೋರಿಗೆ ಒಂದು ಮಾತು. ಎಂಐಎಲ್-ಎಸ್‌ಟಿಡಿ-810 ಅನ್ನೋದು ಪರೀಕ್ಷೆಗಳ ಒಂದು ದೊಡ್ಡ ಪಟ್ಟಿ. ತೇವದ್ದು 507ನೇ ವಿಧಾನ, ಉಪ್ಪಿನ ಮಂಜಿನದ್ದು 509. ಯಾವುದನ್ನು ಮಾಡಿಸಬೇಕು ಅನ್ನೋದು ಕಂಪನಿಯ ಇಷ್ಟ, ಮೇಲಿನಿಂದ ಬಂದು ಸರ್ಟಿಫಿಕೇಟ್ ಕೊಡೋ ಸೈನ್ಯದವರು ಯಾರೂ ಇಲ್ಲ. ಎತ್ತರದಿಂದ ಬೀಳಿಸಿದ ವಿಡಿಯೋ ಹಾಕ್ತಾರೆ. ಕಾರವಾರದವರು ಕೇಳಬೇಕಾದ್ದು 509 ಮಾಡಿಸಿದ್ದೀರಾ ಅಂತ.

ಬೈತಖೋಲ್_ಬೋಟು

ಲ್ಯಾಪ್‌ಟಾಪ್ ನಮಗೆ ಗೊತ್ತಿಲ್ಲ, ಫೋನಿನ ಕತೆ ಹೇಳ್ತೇನೆ. ಐಪಿ68 ಅಂತ ನಂಬಿ ಜಾಸ್ತಿ ದುಡ್ಡು ಕೊಟ್ಟು ತಗೊಂಡ ಫೋನು, ಬೋಟಿನಲ್ಲಿ ಅಲೆ ಹಾರಿ ಒದ್ದೆಯಾದದ್ದಷ್ಟೇ. ಸರ್ವಿಸ್ ಸೆಂಟರಿನವರು ಒಳಗೆ ಟಾರ್ಚ್ ಬಿಟ್ಟು ನೋಡಿ "ಲಿಕ್ವಿಡ್ ಡ್ಯಾಮೇಜು, ವಾರಂಟಿ ಇಲ್ಲ" ಅಂದ್ರು. ನೀರಿಗೆ ತಾಳ್ತದೆ ಅಂತ ಜಾಹೀರಾತು, ನೀರು ತಾಗಿದ್ರೆ ವಾರಂಟಿ ಇಲ್ಲ. ಇದು ಯಾವ ಊರಿನ ನ್ಯಾಯ?

ಅಕ್ಕೋರು_ಅಂಕೋಲಾ

ಐಪಿ ಪರೀಕ್ಷೆ ಮಾಡೋದು ಸಿಹಿನೀರಿನಲ್ಲಿ, ಅಲುಗಾಡದ ನೀರಿನಲ್ಲಿ. 6 ಅಂದ್ರೆ ಧೂಳು ಹೋಗೋದಿಲ್ಲ, 8 ಅಂದ್ರೆ ಒಂದು ಮೀಟರಿಗಿಂತ ಕಠಿಣವಾಗಿ ಮುಳುಗಿಸಿ ನೋಡಿದ್ದು, ಎಷ್ಟು ಆಳ ಎಷ್ಟು ಹೊತ್ತು ಅನ್ನೋದನ್ನು ಕಂಪನಿಯೇ ಹೇಳೋದು. ಬೀಚಿಗೆ, ಈಜುಕೊಳಕ್ಕೆ ಬೇಡ ಅಂತ ಸ್ಯಾಮ್‌ಸಂಗ್‌ನಂಥವರೇ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಸಣ್ಣಕ್ಷರ ಓದಲಿಕ್ಕೆ ನಮ್ಮ ಕಣ್ಣಿಗೆ ಎಲ್ಲಿಯ ಪುರಸೊತ್ತು.

ರಿಪೇರಿ_ಮಾಮ_ಕುಮಟಾ

ಉಪ್ಪುನೀರಿಗೆ ಬಿದ್ದ ಫೋನಿನ ಬಗ್ಗೆ ಎಲ್ಲ ಬೋಟಿನವರೂ ಓದಿ. ಕೂಡ್ಲೆ ಆಫ್ ಮಾಡಿ. ಚಾರ್ಜಿಗೆ ಹಾಕಿ "ಆನ್ ಆಗ್ತದಾ ನೋಡುವ" ಅನ್ನೋದೇ ಕೊಲೆ, ಅಕ್ಕೋರು ಹೇಳಿದ ತಾಮ್ರ ಕರಗೋದು ಕರೆಂಟ್ ಇದ್ದಾಗಲೇ. ಅಕ್ಕಿ ಡಬ್ಬಿಯಲ್ಲಿ ಹುಗೀಬೇಡಿ, ಅಕ್ಕಿ ಉಪ್ಪನ್ನು ಹೀರೋದಿಲ್ಲ, ಪುಡಿ ಮಾತ್ರ ಚಾರ್ಜಿಂಗ್ ಬಾಯಿಗೆ ಹೋಗಿ ಕೂರ್ತದೆ. ಆಪಲ್ ಕಂಪನಿಯವರೂ ಅಕ್ಕಿ ಬೇಡ ಅಂತ 2024ರಲ್ಲಿ ಬರೆದು ಹಾಕಿದ್ರು. ನೀರು ಒಣಗಿದ್ರೂ ಉಪ್ಪು ಒಳಗೇ ಇರ್ತದೆ, ಬಿಚ್ಚಿ ತೊಳೆದೇ ತೆಗೀಬೇಕು. ಅವತ್ತೇ ತಂದ್ರೆ ಉಳಿಸಬಹುದು. ಬೋಟಿನವರು ತರೋದು ಮೀನು ಇಳಿಸಿ, ಹರಾಜು ಮುಗಿಸಿ, ಒಂದು ನಿದ್ದೆ ತೆಗೆದು.

ಬೈತಖೋಲ್_ಬೋಟು

ಮೀನು ಕೆಡ್ತದಲ್ಲ ಮಾಮ.

ಡಿಪ್ಲೊಮಾ_ಹುಡುಗಿ

ಮಾಮ, ನಾನೂ ಇಲ್ಲೇ ಇದ್ದೇನೆ, ಎಲ್ಲ ಓದಿದೆ. ರಿಪೇರಿ ಮಾಮ ಅಲ್ಲ, ಕೋಡಿಬಾಗದ ಮಾಮ. ನನಗೇನು ಬೇಕು ಅಂತ ಯಾರೂ ಕೇಳ್ಲೇ ಇಲ್ಲ. ಸೀನಿಯರ್ ಅಕ್ಕನ ಹತ್ರ ಕೇಳಿದೆ, ಸುರುವಿಗೆ ಪೈಥಾನ್, ಸಿ ಇಂಥದ್ದೇ, ಅದಕ್ಕೆ ಹಳೇದಾದ್ರೂ ನಡೀತದಂತೆ. ಆಮೇಲೆ ಪ್ರಾಜೆಕ್ಟಿಗೆ ಆಂಡ್ರಾಯ್ಡ್ ಸ್ಟುಡಿಯೋ ಹಾಕಬೇಕಾಗಬಹುದು ಅಂದಳು. ಅದಕ್ಕೆ ಕಡೇಪಕ್ಷ 8 ಜಿಬಿ ರ‍್ಯಾಮ್, 16 ಇದ್ರೆ ಒಳ್ಳೇದು. ಗೇಮ್ ಬೇಡ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕು, ಭಾರ ಇರಬಾರದು. ಮತ್ತೆ ಸದಾಶಿವಗಡದ ಆಚೆಯಿಂದ ಬರೋ ಫ್ರೆಂಡ್ ಒಬ್ಬಳ ಬ್ಯಾಗು ಮಳೆಗೆ ಒದ್ದೆಯಾಗಿ ಲ್ಯಾಪ್‌ಟಾಪೇ ಹೋಯ್ತು, ಹಾಗಾಗಿ ಬ್ಯಾಗಿಗೂ ದುಡ್ಡು ಇಡಿ.

ಸಿದ್ದಾಪುರದ_ಮಾಣಿ

ಇಡೀ ಚರ್ಚೆಯಲ್ಲಿ ಇದೊಂದೇ ಕೆಲಸದ ಮಾತು. ತಂಗಿ, ಹಾಗಾದ್ರೆ ಈಗ ಹಳೇದಕ್ಕೆ ಎಸ್‌ಎಸ್‌ಡಿ ಮಾತ್ರ ಹಾಕಿಸಿ ಲಿನಕ್ಸ್ ಮಿಂಟ್ ಹಾಕ್ಕೋ. ಸಿ, ಪೈಥಾನ್ ಎರಡಕ್ಕೂ ಅದೇ ಸಲೀಸು. ಮುಂದೆ ಹೊಸದು ತಗೊಂಡಾಗ ಆ ಎಸ್‌ಎಸ್‌ಡಿ ಕಳಚಿ ಯುಎಸ್‌ಬಿ ಕೇಸಿಗೆ ಹಾಕಿದ್ರೆ ಬ್ಯಾಕಪ್ಪಿಗಾಗ್ತದೆ, ದುಡ್ಡು ದಂಡ ಆಗೋದಿಲ್ಲ.

ಹೊಸದು ಯಾವಾಗ ತಗೊಳ್ಳೋದು ಅನ್ನೋದೇ ಕಷ್ಟ. 2025ರ ಕೊನೆಯಿಂದ ರ‍್ಯಾಮಿನ ರೇಟು ಏರ್ತಾ ಹೋದದ್ದು ಎಐ ಡೇಟಾ ಸೆಂಟರುಗಳ ದೆಸೆಯಿಂದ. ಮೆಮೊರಿ ಮಾಡೋ ಕಂಪನಿಗಳು ಸರಕನ್ನೆಲ್ಲ ಆ ಕಡೆ ತಿರುಗಿಸಿದ್ವು. ಮೈಕ್ರಾನ್ ಅಂತೂ ನಮ್ಮಂಥವರು ತಗೊಳ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚೋದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು.

ರಿಪೇರಿ_ಮಾಮ_ಕುಮಟಾ

ರೇಟಿನ ಮಾತು ಹೌದು. ಡಿಡಿಆರ್4 ಜಾತಿಯ ಮೆಮೊರಿಯದ್ದಂತೂ ಗಿರಾಕಿಗೆ ರೇಟು ಹೇಳಲಿಕ್ಕೆ ನನಗೇ ನಾಚಿಕೆ. ಹಾಗಾಗಿ ರ‍್ಯಾಮಿಗೆ ನನ್ನದೊಂದು ದಾರಿ: ಬೋರ್ಡು ಸತ್ತು ಬಿದ್ದ ಲ್ಯಾಪ್‌ಟಾಪುಗಳ ರ‍್ಯಾಮು ಚಲೋ ಇರ್ತದೆ. ಮೆಮ್‌ಟೆಸ್ಟ್ ಅನ್ನೋ ಮೆಮೊರಿ ಪರೀಕ್ಷೆ ಒಂದು ರಾತ್ರಿ ಓಡಿಸಿ ತಪ್ಪು ಬರದಿದ್ರೆ ಹಾಕಿಕೊಡ್ತೇನೆ. ಕೆಲವು ಸ್ಲಿಮ್ ಮಾಡೆಲ್ಲಿನಲ್ಲಿ 4 ಜಿಬಿ ಬೋರ್ಡಿಗೇ ಅಂಟಿಸಿ ಇನ್ನೊಂದು ಸ್ಲಾಟು ಖಾಲಿ ಬಿಟ್ಟಿರ್ತಾರೆ, ಕೆಲವಕ್ಕೆ ಸ್ಲಾಟೇ ಇಲ್ಲ. ತಳ ಬಿಚ್ಚದೆ ಹೇಳಲಿಕ್ಕಾಗೋದಿಲ್ಲ.

ಸೆಕೆಂಡ್ ಹ್ಯಾಂಡ್ ಟಿ480 ಬಗ್ಗೆ ಮಾಣಿ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಬೆಂಗಳೂರಿನ ಒಣ ಹವೆಯಲ್ಲಿ ಬೆಳೆದ ಮಷಿನ್ ತಗೊಳ್ಳಿ, ಮಂಗಳೂರು ಗೋವಾ ಕಡೆಯದ್ದು ಬೇಡ. ನಗಬೇಡಿ, ಖರೆ ಹೇಳ್ತಿದ್ದೇನೆ. ಸ್ಕ್ರೂ ತಲೆ ನೋಡಿದ್ರೆ ಮಷಿನ್ ಎಲ್ಲಿತ್ತು ಅಂತ ನನಗೆ ಗೊತ್ತಾಗ್ತದೆ. ಬ್ಯಾಟರಿ ಎಷ್ಟು ಸವೆದಿದೆ ಅನ್ನೋದನ್ನೂ ವಿಂಡೋಸಿನ ಪವರ್ ಕಾನ್ಫಿಗ್ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿ, ಅಂಗಡಿಯವ ಹೇಳಿದ್ದು ನಂಬಬೇಡಿ. ಮನೇಲಿ ಯಾವಾಗಲೂ ಚಾರ್ಜಿನಲ್ಲೇ ಇಡೋರು 80 ಪರ್ಸೆಂಟಿಗೆ ಚಾರ್ಜ್ ನಿಲ್ಲೋ ಸೆಟ್ಟಿಂಗ್ ಇದ್ರೆ ಹಾಕ್ಕೊಳ್ಳಿ. ಉಬ್ಬಿದ ಬ್ಯಾಟರಿ ಟಚ್‌ಪ್ಯಾಡನ್ನು ಎಬ್ಬಿಸಿಟ್ಟದ್ದು ನೋಡ್ಲಿಕ್ಕೆ ವಾರಕ್ಕೊಂದಾದ್ರೂ ಸಿಗ್ತದೆ.

ಹೊನ್ನಾವರ_ಫೋಟೋ

ಸಿಲಿಕಾ ಜೆಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಲೆನ್ಸಿಗೆ ಬೂಷ್ಟು ಬಂದ್ರೆ ಗಾಜಿನ ಲೇಪನವನ್ನೇ ತಿಂತದೆ, ಹಾಗಾಗಿ ನಾನು ಎಲ್ಲ ಸಾಮಾನು ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೆಲ್ ಹಾಕಿ ಇಡ್ತೇನೆ, ಒಳಗೇ ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರು. 40ರಿಂದ 50 ಪರ್ಸೆಂಟ್ ಇರಬೇಕು. ಶೂ ಡಬ್ಬಿಯೊಳಗೆ ಬರೋ ಸಣ್ಣ ಪೊಟ್ಟಣ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕೋದು ವ್ಯರ್ಥ, ಬ್ಯಾಗಿನ ಜಿಪ್ಪಿನಿಂದ ತೇವ ಬರ್ತಾನೇ ಇರ್ತದೆ, ಪೊಟ್ಟಣ ಒಂದೇ ದಿನಕ್ಕೆ ತುಂಬಿ ಹೋಗ್ತದೆ. ಬಣ್ಣದ ಜೆಲ್ ತಗೊಳ್ಳಿ, ಕಿತ್ತಳೆಯದ್ದು ತೇವ ಕುಡಿದ್ರೆ ಹಸಿರಾಗ್ತದೆ. ಆಮೇಲೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದ್ರೆ ತಿರುಗಿ ಕಿತ್ತಳೆ. ನೀಲಿಯಿಂದ ಗುಲಾಬಿಯಾಗೋದ್ರಲ್ಲಿ ಕೋಬಾಲ್ಟ್ ಇರ್ತದೆ, ಅದನ್ನು ಅಡುಗೆಮನೆಗೆ ತರಬೇಡಿ.

ತೋಟದ_ಭಾವ_ಶಿರಸಿ

ಅಡಿಕೆ ಒಣಗಿಸೋ ಮನೆಯವರಿಗೆ ಇದೆಲ್ಲ ಬೇಡ. ಒಲೆ ಮೇಲಿನ ಅಟ್ಟದ ಹತ್ತಿರ ಇಡೋದು, ಹೊಗೆ ತಾಗದ ಕಡೆ. ಅಜ್ಜನ ಕಾಲದ ರೇಡಿಯೋ ಅಲ್ಲೇ ಇತ್ತು.

ರಿಪೇರಿ_ಮಾಮ_ಕುಮಟಾ

ಭಾವ, ದಯಮಾಡಿ ಬೇಡ. ಹೊಗೆ ತಾಗದ ಕಡೆ ಅಂತ ನೀವು ಹೇಳ್ತೀರಿ, ಮಸಿ ನಾನು ಒರೆಸಬೇಕು.

ಕೋಡಿಬಾಗ_ಗಾಳಿ

ಎಲ್ಲರಿಗೂ ಉಪಕಾರ. ಸದ್ಯಕ್ಕೆ ಹಳೇದಕ್ಕೆ 256 ಜಿಬಿ ಎಸ್‌ಎಸ್‌ಡಿ, ರ‍್ಯಾಮ್ ಸಿಕ್ಕಿದ್ರೆ ಸಿಕ್ಕಿತು ಅಂತ ತಂಗಿಯನ್ನು ಒಪ್ಪಿಸಿದ್ದೇನೆ. ಮೇಜನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿಯಾಯ್ತು. ಮಲ್ಲಾಪುರದವರು ಹೇಳಿದ ಹಾಗೆ ವೈರಮನ್ ಕರೆಸಿ ಮೀಟರ್ ಹಿಡಿಸಿದೆ. ಹಾಲಿನ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥ್ ವೈರೇ ಎಳೆದಿರಲಿಲ್ಲ, ಮೂರನೇ ತೂತು ಶೋಕಿಗೆ ಇತ್ತು. ಕಟ್ಟಿಸಿದ ಕಾಂಟ್ರಾಕ್ಟರಿನ ಹೆಸರು ಹೇಳೋದಿಲ್ಲ, ಆತ ನಮ್ಮ ಸಂಬಂಧಿಕ.

ರಿಪೇರಿ ಮಾಮ, ಸೋಮವಾರ ಕುಮಟಾಕ್ಕೆ ಬರ್ತೇವೆ. ಅಂಗಡಿ ಎಷ್ಟೊತ್ತಿಗೆ ತೆಗೀತೀರಿ?

ರಿಪೇರಿ_ಮಾಮ_ಕುಮಟಾ

ಹತ್ತು ಗಂಟೆಗೆ. ಬರೋವಾಗ ಚಾರ್ಜರ್ ತನ್ನಿ, ಪಾಸ್‌ವರ್ಡ್ ಗೊತ್ತಿರೋರನ್ನೂ ಕರಕೊಂಡು ಬನ್ನಿ. ಇವೆರಡೂ ಇಲ್ಲದೆ ಬಂದು "ಸ್ವಲ್ಪ ನೋಡಿ" ಅನ್ನೋರೇ ನನ್ನ ಅರ್ಧ ಗಿರಾಕಿಗಳು.